ಅಮೆರಿಕದ ಪ್ರಜೆಯಾಗುವಾಗ ಹೆಸರನ್ನೂ ಬದಲಿಸಬಹುದು. ಆದರೆ ಪಹಣಿಯಲ್ಲಿರುವ ಹೆಸರಿನ ಗತಿಯೇನು?

ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವ ಫಾರಂನ ಹೆಸರು ಎನ್-400. ಅದರ ಎರಡನೇ ಭಾಗದಲ್ಲೇ ಒಂದು ಪ್ರಶ್ನೆ ಎದುರಾಗುತ್ತೆ: ನಿಮ್ಮ ಹೆಸರನ್ನು ಕಾನೂನುಬದ್ಧವಾಗಿ ಬದಲಾಯಿಸಿಕೊಳ್ಳಲು ಇಷ್ಟವಿದೆಯೇ? ಹೌದು ಅಥವಾ ಇಲ್ಲ. ಹೌದು ಅಂದರೆ ಪಕ್ಕದಲ್ಲೇ ಖಾಲಿ ಜಾಗ ಇದೆ, ಹೊಸ ಹೆಸರು ಬರೆಯಿರಿ. ಇದಕ್ಕೆ ಹೆಚ್ಚುವರಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ನನ್ನ ಜೊತೆ ಇಂಜಿನಿಯರಿಂಗ್ ಓದಿ ಆ ಕಡೆ ಹೋದವರು ಈಗ ಒಬ್ಬೊಬ್ಬರಾಗಿ ಈ ಫಾರಂ ತುಂಬುವ ಹಂತಕ್ಕೆ ಬರ್ತಿದ್ದಾರೆ. ನಾನು ಕೋಡ್ ಬರೆಯೋದು ಬಿಟ್ಟು ಸುದ್ದಿ ಬರೆಯೋಕೆ ಬಂದವನು. 'ನೀನು ಪತ್ರಕರ್ತ ತಾನೇ, ವಿಚಾರಿಸಿ ಹೇಳು' ಅಂತ ಮೆಸೇಜು ಬರುತ್ತೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಪುಕ್ಕಟೆ ಸಿಗ್ತಿದೆಯಲ್ಲ, ಹೆಸರು ಸರಿಮಾಡಿಸಿಕೊಂಡು ಬಿಡಲಾ?

ಒಂದೇ ಸಾಲಿನ ಉತ್ತರ ಇದಕ್ಕಿಲ್ಲ. ಡೇಟಾಬೇಸ್ ಪಾಠ ಓದಿದವರಿಗೆ ಪ್ರೈಮರಿ ಕೀ ಅಂದರೆ ಗೊತ್ತು: ಒಂದು ದಾಖಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ, ಎಂದೂ ಬದಲಾಗದ ಗುರುತು. ಅಮೆರಿಕದ ವ್ಯವಸ್ಥೆಯಲ್ಲಿ ಆ ಕೀ ಒಂದು ನಂಬರು. ವಲಸೆ ಕಡತಕ್ಕೆ ಏಲಿಯನ್ ನಂಬರ್, ದುಡಿಮೆ ಮತ್ತು ತೆರಿಗೆಗೆ ಸೋಷಿಯಲ್ ಸೆಕ್ಯುರಿಟಿ ನಂಬರ್. ಹೆಸರು ಬದಲಾದರೂ ಈ ನಂಬರುಗಳು ಬದಲಾಗಲ್ಲ. ಊರಿನ ಕಡೆ ಹಾಗಲ್ಲ. ಪಹಣಿ, ವಂಶವೃಕ್ಷ, ವಿಭಾಗ ಪತ್ರ, ಅಂಕಪಟ್ಟಿ, ಇಲ್ಲೆಲ್ಲ ಹೆಸರೇ ಕೀ. ಹಾಗಾಗಿ ಅಮೆರಿಕದಲ್ಲಿ ಪುಕ್ಕಟೆಯಾಗಿ ಸಿಗುವ ಹೊಸ ಹೆಸರಿನ ಬಿಲ್ಲು ಬರೋದು ಊರಲ್ಲಿ, ಅದೂ ಎಷ್ಟೋ ವರ್ಷ ಆದಮೇಲೆ. ಈ ಲೆಕ್ಕ ಗೊತ್ತಿದ್ದು ಹೌದು ಅನ್ನಿ, ಅಥವಾ ಗೊತ್ತಿದ್ದು ಇಲ್ಲ ಅನ್ನಿ.

ತೊಂದರೆ ಶುರುವಾಗೋದು ಎರಡು ಖಾನೆಗಳಿಂದ

ಕನ್ನಡಿಗರ ಹೆಸರಿಗೆ ಒಂದೇ ಅಚ್ಚು ಇಲ್ಲ. ಹಳೆ ಮೈಸೂರು ಕಡೆ ಊರು, ಅಪ್ಪ, ಆಮೇಲೆ ತಾನು. ಎಚ್.ಡಿ. ದೇವೇಗೌಡರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಎಸ್.ಎಂ. ಕೃಷ್ಣ ಅವರು ಸೋಮನಹಳ್ಳಿ ಮಲ್ಲಯ್ಯ ಕೃಷ್ಣ. ಉತ್ತರ ಕರ್ನಾಟಕಕ್ಕೆ ಹೋದರೆ ಕ್ರಮ ತಿರುಗುತ್ತೆ: ತಾನು, ಅಪ್ಪ, ಮನೆತನ. ಬಸವರಾಜ ಸೋಮಪ್ಪ ಬೊಮ್ಮಾಯಿ ಅನ್ನೋ ಹೆಸರು ಆ ಅಚ್ಚಿನದು. ಇನ್ನು ಎಷ್ಟೋ ಜನಕ್ಕೆ ಒಂದೇ ಹೆಸರು, ಮುಂದೆ ಒಂದೋ ಎರಡೋ ಇನಿಷಿಯಲ್, ಅಷ್ಟೇ.

ಅಮೆರಿಕದ ಕಂಪ್ಯೂಟರಿಗೆ ಬೇಕಾಗಿರೋದು ಎರಡೇ ಖಾನೆ: ಗಿವನ್ ನೇಮ್, ಸರ್‌ನೇಮ್. ಬೊಮ್ಮಾಯಿ, ಪಾಟೀಲ, ಹಿರೇಮಠ ಅಂತ ಅಡ್ಡಹೆಸರು ಇರೋರಿಗೆ ಇದು ಸಲೀಸು. ಅಡ್ಡಹೆಸರೇ ಇಲ್ಲದವರ ಭಾರತೀಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ, ಇಡೀ ಹೆಸರು ಗಿವನ್ ನೇಮ್‌ನಲ್ಲಿ ಕೂತಿರುತ್ತೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಸರ್‌ನೇಮ್ ಖಾಲಿ ಬಿಡುವಂತಿಲ್ಲ. ಆಗ ಏನಾಗುತ್ತೆ ಅಂದರೆ, ಇಡೀ ಹೆಸರು ಸರ್‌ನೇಮ್ ಖಾನೆಗೆ ಹೋಗುತ್ತೆ. ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗುತ್ತೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ!

ಈ ಮೂರಕ್ಷರ ವೀಸಾದಲ್ಲೇ ನಿಲ್ಲಲ್ಲ. ಡ್ರೈವಿಂಗ್ ಲೈಸೆನ್ಸು, ಬ್ಯಾಂಕಿನ ಕಾರ್ಡು, ಗ್ರೀನ್ ಕಾರ್ಡ್ ತನಕ ಬೆನ್ನು ಹತ್ತಿ ಬರೋದುಂಟು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ 'ಫ್ನೂ, ಫ್ನೂ' ಅಂತ ಕರೆದರೆ ಅದು ತನ್ನನ್ನೇ ಅಂತ ಅರ್ಥ ಮಾಡಿಕೊಂಡು ಎದ್ದು ಹೋಗೋದನ್ನ ಕಲಿತವರು ನನ್ನ ಬಳಗದಲ್ಲೇ ಇದ್ದಾರೆ.

ಎರಡನೇ ಬಗೆಯ ತೊಂದರೆ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡವರದ್ದು. ಉದಾಹರಣೆಗೆ ಮಂಜುನಾಥ ನಂಜುಂಡಪ್ಪ ಅಂತ ಇಟ್ಟುಕೊಳ್ಳಿ. ಆಫೀಸಿನಲ್ಲಿ ಅವರು ಮಿಸ್ಟರ್ ನಂಜುಂಡಪ್ಪ, ಅಂದರೆ ಎಲ್ಲರೂ ಕರೆಯೋದು ಅವರಪ್ಪನನ್ನು. ಹೆಂಡತಿ ಗಂಡನ ಹೆಸರು ಸೇರಿಸಿಕೊಂಡು ಸುಮಾ ಮಂಜುನಾಥ. ಮಗ ಅಪ್ಪನ ಹೆಸರು ಸೇರಿಸಿಕೊಂಡು ಇನ್ನೊಬ್ಬ ಮಂಜುನಾಥ. ಒಂದೇ ಮನೆ, ಆದರೆ ಮನೆಯ ಯಜಮಾನನಿಗೇ ಬೇರೆ ಸರ್‌ನೇಮ್. ನಮಗಿದು ಸಹಜ. ಅಲ್ಲಿನ ಶಾಲೆ, ವಿಮೆ ಕಂಪನಿಗಳಿಗೆ ಪ್ರತಿ ಸಲ ವಿವರಿಸಬೇಕು.

ಮೂರನೆಯದು ಕಾಗುಣಿತ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ ಬರೆಯಬಹುದು, ಕೆಎಸ್‌ಎಚ್ ಹಾಕಿಯೂ ಬರೆಯಬಹುದು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇರೋದು ನಮ್ಮಲ್ಲಿ ಮಾಮೂಲಿ. ನಮ್ಮ ಪಾಲಿಗೆ ಅದು ಒಂದೇ ಹೆಸರು. ಕಾನೂನಿನ ಪಾಲಿಗೆ ಒಂದಕ್ಷರ ಬದಲಾದರೂ ಅದು ಹೆಸರು ಬದಲಾವಣೆಯೇ.

ಈ ಅವಕಾಶ ಎಲ್ಲಿಂದ ಬಂತು

ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಇಳಿದ ವಲಸಿಗರ ಹೆಸರನ್ನು ಅಲ್ಲಿನ ಅಧಿಕಾರಿಗಳು ಮನಸ್ಸಿಗೆ ಬಂದಂತೆ ಕತ್ತರಿಸಿದರು ಅನ್ನೋ ಕಥೆ ನೀವೂ ಕೇಳಿರಬಹುದು. ಇತಿಹಾಸಕಾರರು ಇದನ್ನು ಒಪ್ಪಲ್ಲ. ಅಧಿಕಾರಿಗಳ ಕೈಯಲ್ಲಿ ಇರ್ತಿದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪ್ರಯಾಣಿಕರ ಪಟ್ಟಿ. ಅವರು ಅದನ್ನು ನೋಡಿ ತಾಳೆ ಹಾಕ್ತಿದ್ದರು. ಹೆಸರು ಬದಲಿಸಿಕೊಂಡವರು ಹೆಚ್ಚಾಗಿ ವಲಸಿಗರೇ, ಅಲ್ಲಿ ನೆಲೆ ನಿಂತಮೇಲೆ.

ಅದಕ್ಕೆ ಕಾನೂನಿನ ದಾರಿ ಕೊಟ್ಟಿದ್ದು 1906ರ ನ್ಯಾಚುರಲೈಸೇಷನ್ ಕಾಯ್ದೆ. ಪೌರತ್ವ ಕೊಡುವ ಹೊತ್ತಿನಲ್ಲೇ, ಅರ್ಜಿದಾರ ಕೇಳಿದರೆ, ಕೋರ್ಟು ಹೆಸರನ್ನೂ ಬದಲಾಯಿಸಬಹುದು ಅಂತ ಅದು ಹೇಳಿತು. ಆಗ ಪೌರತ್ವ ಕೊಡ್ತಿದ್ದದ್ದೇ ಕೋರ್ಟುಗಳು, ಹಾಗಾಗಿ ಎರಡೂ ಒಂದೇ ಕಲಾಪದಲ್ಲಿ ಮುಗಿಯುತ್ತಿತ್ತು. ಆ ಬಾಗಿಲು ಭಾರತೀಯರಿಗೆ ತೆರೆದಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂದಿತು. 1946ರ ಲ್ಯೂಸ್-ಸೆಲ್ಲರ್ ಕಾಯ್ದೆ ಬಂದಮೇಲಷ್ಟೇ ನಮಗೆ ದಾರಿಯಾಯಿತು. 1949ರಲ್ಲಿ ಪ್ರಜೆಯಾದ ದಲೀಪ್ ಸಿಂಗ್ ಸೌಂದ್ ಅದೇ ಹೆಸರಿನಲ್ಲಿ 1956ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ಹೆಸರು ಬದಲಿಸದಿದ್ದರೆ ಅಲ್ಲಿ ಬೆಳೆಯೋಕಾಗಲ್ಲ ಅನ್ನೋರಿಗೆ ಇದು ನೆನಪಿರಲಿ.

ಮುಂದೆ 1990ರ ವಲಸೆ ಕಾಯ್ದೆ ಪೌರತ್ವ ಕೊಡುವ ಅಧಿಕಾರವನ್ನು ಕೋರ್ಟಿನಿಂದ ಆಡಳಿತಕ್ಕೆ ವರ್ಗಾಯಿಸಿತು. ಈಗ ಆ ಕೆಲಸ ಮಾಡೋದು ಯುಎಸ್‌ಸಿಐಎಸ್ ಅನ್ನೋ ಇಲಾಖೆ. ಆದರೆ ಹೆಸರು ಬದಲಾಯಿಸುವ ಅಧಿಕಾರ ಕೋರ್ಟಿನ ಬಳಿಯೇ ಉಳಿಯಿತು. ಇಲಾಖೆ ನಿಮ್ಮನ್ನು ಪ್ರಜೆ ಮಾಡಬಹುದು, ನಿಮ್ಮ ಹೆಸರು ಬದಲಿಸಲಾರದು. ಇಡೀ ಪ್ರಕ್ರಿಯೆಯ ಗಂಟು ಇರೋದು ಇಲ್ಲೇ.

ಹಂತ ಹಂತವಾಗಿ ಆಗೋದೇನು

ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಆದವರು, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಗಿದ್ದರೆ ಮೂರು ವರ್ಷ ಆದವರು ಎನ್-400 ಹಾಕಬಹುದು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಲ್ಲಿ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760 ಡಾಲರ್. ಹೆಸರು ಬದಲಾವಣೆ ಈ ಮೊತ್ತದೊಳಗೇ ಬರುತ್ತೆ.

ಫಾರಂನಲ್ಲಿ ಈಗಿನ ಕಾನೂನುಬದ್ಧ ಹೆಸರು, ಹುಟ್ಟಿದಾಗಿನಿಂದ ಬಳಸಿದ ಬೇರೆ ಎಲ್ಲ ಹೆಸರುಗಳು, ಬೇಕಾದ ಹೊಸ ಹೆಸರು, ಮೂರನ್ನೂ ಬೇರೆಬೇರೆಯಾಗಿ ಕೇಳ್ತಾರೆ. ಬಳಸಿದ ಬೇರೆ ಹೆಸರುಗಳು ಅನ್ನುವ ಕಡೆ ಜಿಪುಣತನ ಬೇಡ. ಎಫ್‌ಎನ್‌ಯು ಇರುವ ರೂಪ, ಇನಿಷಿಯಲ್ ಬಿಡಿಸಿ ಬರೆದ ರೂಪ, ಅಂಕಪಟ್ಟಿಯ ಕಾಗುಣಿತ, ಮದುವೆಗೆ ಮುಂಚಿನ ಹೆಸರು, ಎಲ್ಲ ಬರೆಯಿರಿ. ಮುಚ್ಚಿಟ್ಟಿದ್ದಾರೆ ಅನ್ನೋ ಅನುಮಾನ ಬರದ ಹಾಗೆ ಇರೋದು ಒಂದು ಲಾಭ. ಮುಂದೆ ಇದೇ ಕಾಗದ ಇವರೆಲ್ಲ ಒಬ್ಬರೇ ಅನ್ನೋಕೆ ಆಧಾರವಾಗೋದು ಇನ್ನೊಂದು.

ಸಂದರ್ಶನದ ದಿನ ಅಧಿಕಾರಿ ಹೊಸ ಹೆಸರನ್ನು ಖಚಿತ ಮಾಡಿಕೊಂಡು, ಕೋರ್ಟಿಗೆ ಸಲ್ಲಿಸುವ ಹೆಸರು ಬದಲಾವಣೆಯ ಕೋರಿಕೆ ಪತ್ರ ಸಿದ್ಧಪಡಿಸಿ ಸಹಿ ಹಾಕಿಸಿಕೊಳ್ತಾರೆ. ಇಲ್ಲಿ ಪ್ರತಿ ಅಕ್ಷರ ಓದಿ. ಅರ್ಜಿ ಹಾಕುವಾಗ ಇಲ್ಲ ಅಂದವರು ಈ ಹಂತದಲ್ಲಿ ಬೇಕು ಅಂತ ಕೇಳಬಹುದು, ಹೌದು ಅಂದವರು ಬೇಡ ಅಂತ ಹಿಂದೆಗೆಯಲೂಬಹುದು.

ಆಮೇಲೆ ಪ್ರಮಾಣವಚನ. ಇದರಲ್ಲಿ ಎರಡು ಬಗೆ. ಒಂದು ಇಲಾಖೆಯೇ ನಡೆಸುವ ಸಮಾರಂಭ, ಇನ್ನೊಂದು ನ್ಯಾಯಾಧೀಶರ ಎದುರು ನಡೆಯುವುದು. ಹೆಸರು ಬದಲಾಗಬೇಕಾದರೆ ಎರಡನೆಯದೇ ಆಗಬೇಕು. ಕೆಲವು ಕಚೇರಿಗಳಲ್ಲಿ ಸಂದರ್ಶನ ಮುಗಿದ ದಿನವೇ ಪ್ರಮಾಣವಚನ ಬೋಧಿಸಿ ಕಳಿಸಿಬಿಡುತ್ತಾರೆ. ಹೆಸರು ಬದಲಾವಣೆ ಕೇಳಿದವರಿಗೆ ಆ ಸೌಲಭ್ಯ ಇಲ್ಲ. ಕೋರ್ಟಿನ ದಿನಾಂಕ ಬರುವವರೆಗೆ ಕಾಯಬೇಕು. ಎಷ್ಟು ಕಾಯಬೇಕು ಅನ್ನೋದು ಊರಿಂದ ಊರಿಗೆ ಬೇರೆ. ಅಪ್ಪ ಅಮ್ಮನ ಅನಾರೋಗ್ಯ, ತುರ್ತು ಪ್ರಯಾಣ, ಹತ್ತಿರವಾದ ಚುನಾವಣೆ, ಇಂಥ ಅವಸರ ಇದ್ದವರು ಇದನ್ನು ಮೊದಲೇ ಲೆಕ್ಕಕ್ಕೆ ತಗೋಬೇಕು.

ನ್ಯಾಯಾಧೀಶರು ಒಪ್ಪಲೇಬೇಕು ಅಂತೇನಿಲ್ಲ. ಕಾಯ್ದೆಯಲ್ಲಿ ಇದು ಕೋರ್ಟಿನ ವಿವೇಚನೆ. ಸಾಲ ತಪ್ಪಿಸಿಕೊಳ್ಳೋಕೆ, ಅಪರಾಧದ ದಾಖಲೆ ಮರೆಮಾಚೋಕೆ ಕೇಳಿದ್ದಾರೆ ಅನ್ನಿಸಿದರೆ ನಿರಾಕರಿಸಬಹುದು. ಸಾಮಾನ್ಯ ಕೋರಿಕೆಗಳಿಗೆ ತೊಂದರೆ ಆಗಲ್ಲ. ಒಪ್ಪಿದ ಮೇಲೆ ಪೌರತ್ವ ಪ್ರಮಾಣಪತ್ರ ಹೊಸ ಹೆಸರಿನಲ್ಲೇ ಬರುತ್ತೆ. ಸಭಾಂಗಣ ಬಿಟ್ಟು ಹೊರಡುವ ಮುಂಚೆ ಅದನ್ನು ಓದಿ. ತಪ್ಪು ಅಚ್ಚಾಗಿದ್ದರೆ ಅಲ್ಲೇ ಹೇಳಿ. ಹೆಸರು ಬದಲಾದದ್ದಕ್ಕೆ ಕೋರ್ಟಿನ ಆದೇಶದ ಪ್ರತಿ ಕೇಳಿ ಪಡೆಯಿರಿ. ಊರಿನ ಕೆಲಸಕ್ಕೆ ಪೌರತ್ವ ಪತ್ರಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರೋದು.

ಈ ದಾರಿ ಬೇಕಿಲ್ಲದವರು, ಈ ದಾರಿ ಸಿಗದವರು

ಮದುವೆ ಅಥವಾ ವಿಚ್ಛೇದನದ ಕಾರಣಕ್ಕೆ ಹೆಸರು ಬದಲಾಗಿದ್ದರೆ ನ್ಯಾಯಾಧೀಶರ ಸಮಾರಂಭ ಬೇಕಿಲ್ಲ. ಮದುವೆ ಪ್ರಮಾಣಪತ್ರ ಅಥವಾ ವಿಚ್ಛೇದನದ ಡಿಕ್ರಿ ಕೊಟ್ಟರೆ ಸಾಕು, ಇಲಾಖೆಯೇ ಆ ಹೆಸರಿನಲ್ಲಿ ಪತ್ರ ಕೊಡುತ್ತೆ.

ಇನ್ನೂ ಗ್ರೀನ್ ಕಾರ್ಡ್ ಹಂತ ತಲುಪದವರಿಗೆ ಬೇರೊಂದು ದಾರಿ ಇದೆ. ಭಾರತೀಯ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸುವಾಗ ಒಂದೇ ಖಾನೆಯಲ್ಲಿರುವ ಹೆಸರನ್ನು ಗಿವನ್ ನೇಮ್, ಸರ್‌ನೇಮ್ ಅಂತ ಒಡೆದು ಹಾಕಿಸಿಕೊಳ್ಳಬಹುದು. ಆಗ ಎಫ್‌ಎನ್‌ಯು ಹುಟ್ಟೋದೇ ಇಲ್ಲ. ಇನ್ನೂ ವಿಮಾನ ಹತ್ತದ ವಿದ್ಯಾರ್ಥಿಗಳು ಇದನ್ನು ಬೆಂಗಳೂರಿನಲ್ಲೇ ಮಾಡಿಸಿಕೊಂಡು ಹೋಗೋದು ಒಳ್ಳೇದು. ಹದಿನೈದು ವರ್ಷದ ತಲೆನೋವು ಒಂದು ಅರ್ಜಿಯಲ್ಲಿ ಮುಗಿಯುತ್ತೆ.

ಹೆಚ್ಚು ಜನ ಎಡವೋದು ಮಕ್ಕಳ ವಿಷಯದಲ್ಲಿ. 2000ನೇ ಇಸವಿಯ ಚೈಲ್ಡ್ ಸಿಟಿಜನ್‌ಶಿಪ್ ಕಾಯ್ದೆ ಪ್ರಕಾರ, ಗ್ರೀನ್ ಕಾರ್ಡ್ ಇದ್ದು ಅಮೆರಿಕದಲ್ಲಿ ಅಪ್ಪ ಅಥವಾ ಅಮ್ಮನ ಪಾಲನೆಯಲ್ಲಿರುವ 18 ತುಂಬದ ಮಗು, ಆ ಪೋಷಕರು ಪ್ರಜೆಯಾದ ಕ್ಷಣವೇ ತಾನಾಗಿಯೇ ಪ್ರಜೆಯಾಗುತ್ತೆ. ಕೇಳೋಕೆ ಸುಲಭ. ಆದರೆ ಮಗು ಎನ್-400 ಹಾಕಲ್ಲ, ನ್ಯಾಯಾಧೀಶರ ಮುಂದೆ ನಿಲ್ಲಲ್ಲ. ಹಾಗಾಗಿ ಮಗುವಿನ ಹೆಸರು ಬದಲಾಗೋಕೆ ಅಲ್ಲಿ ಜಾಗವೇ ಇಲ್ಲ. ಅಪ್ಪನ ಎಫ್‌ಎನ್‌ಯು ಹೋಯ್ತು, ಬೆಂಗಳೂರಿನಲ್ಲಿ ಹುಟ್ಟಿ ಜೊತೆಗೆ ಬಂದ ಮಗಳದ್ದು ಉಳಿಯಿತು, ಹೀಗೂ ಆಗಬಹುದು. ಮಗುವಿನ ಹೆಸರಿಗೆ ರಾಜ್ಯದ ಕೋರ್ಟಿನಲ್ಲಿ ಬೇರೆಯೇ ಅರ್ಜಿ ಹಾಕಬೇಕು.

ಪ್ರಮಾಣವಚನದ ಅವಕಾಶ ಬಿಟ್ಟುಕೊಟ್ಟವರಿಗೂ ಇದೇ ಗತಿ. ರಾಜ್ಯ ಕೋರ್ಟಿನ ನಿಯಮ, ಖರ್ಚು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಶುಲ್ಕವೇ 435 ಡಾಲರ್ ಆಸುಪಾಸು, ಜೊತೆಗೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಪತ್ರಿಕೆಯಲ್ಲಿ ನೋಟಿಸ್ ಹಾಕಿಸಬೇಕು. ಆಮೇಲೆ ಪೌರತ್ವ ಪತ್ರದಲ್ಲೂ ಹೊಸ ಹೆಸರು ಬೇಕು ಅಂದರೆ ಎನ್-565 ಅನ್ನೋ ಇನ್ನೊಂದು ಅರ್ಜಿ, ಅದಕ್ಕೆ ಇನ್ನೊಂದು ಶುಲ್ಕ. ಎನ್-400ರ ಪುಕ್ಕಟೆ ಚೌಕದ ಬೆಲೆ ಗೊತ್ತಾಗೋದು ಈ ಪಟ್ಟಿ ನೋಡಿದಾಗ.

ಪ್ರಮಾಣವಚನದ ನಂತರ, ಅಮೆರಿಕದ ಕಡೆ

ಅಲ್ಲಿನ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿ. ಹೆಸರು ತಿದ್ದುಪಡಿಗೆ ಶುಲ್ಕ ಇಲ್ಲ, ನಂಬರು ಬದಲಾಗಲ್ಲ, ಇಷ್ಟು ವರ್ಷ ದುಡಿದ ಲೆಕ್ಕ ಹಾಗೇ ಇರುತ್ತೆ. ಇದನ್ನು ಮೊದಲು ಮಾಡಬೇಕು ಯಾಕೆ ಅಂದರೆ, ಡ್ರೈವಿಂಗ್ ಲೈಸೆನ್ಸ್ ಕೊಡುವವರೂ ತೆರಿಗೆ ಇಲಾಖೆಯವರೂ ಹೆಸರನ್ನು ಅಲ್ಲಿನ ದಾಖಲೆ ಜೊತೆ ತಾಳೆ ನೋಡ್ತಾರೆ. ಹೊಸ ಹೆಸರಿನಲ್ಲಿ ತೆರಿಗೆ ವಿವರ ಸಲ್ಲಿಸಿ, ಅಲ್ಲಿ ಹಳೆ ಹೆಸರೇ ಇದ್ದರೆ ಮರುಪಾವತಿ ಸಿಕ್ಕಿಹಾಕಿಕೊಳ್ಳುತ್ತೆ.

ಜೊತೆಜೊತೆಗೇ ಪಾಸ್‌ಪೋರ್ಟ್. ವಯಸ್ಕರ ಮೊದಲ ಪಾಸ್‌ಪೋರ್ಟಿಗೆ ಡಿಎಸ್-11 ಫಾರಂ, 130 ಡಾಲರ್ ಮತ್ತು 35 ಡಾಲರ್ ಸ್ವೀಕೃತಿ ಶುಲ್ಕ. ಮೂಲ ಪೌರತ್ವ ಪತ್ರವನ್ನೇ ಕಳಿಸಬೇಕು, ಅದು ಆಮೇಲೆ ವಾಪಸ್ ಬರುತ್ತೆ. ಆ ದಿನಗಳಲ್ಲಿ ನಿಮ್ಮ ಕೈಯಲ್ಲಿ ಗ್ರೀನ್ ಕಾರ್ಡ್ ಇರಲ್ಲ, ಸಮಾರಂಭದಲ್ಲೇ ಒಪ್ಪಿಸಿರ್ತೀರಿ. ಭಾರತೀಯ ಪಾಸ್‌ಪೋರ್ಟ್ ಬಳಸುವ ಹಕ್ಕೂ ಮುಗಿದಿರುತ್ತೆ. ಆ ಅವಧಿಯಲ್ಲಿ ವಿದೇಶ ಪ್ರಯಾಣ ಇಟ್ಟುಕೊಳ್ಳಬೇಡಿ. ಮುಂದಿನ ಟಿಕೆಟನ್ನು ಹೊಸ ಪಾಸ್‌ಪೋರ್ಟಿನ ಹೆಸರಿನಲ್ಲೇ ಕೊಳ್ಳಿ.

ಆಮೇಲೆ ಲೈಸೆನ್ಸ್, ಕೆಲಸದ ಕಂಪನಿ, ಬ್ಯಾಂಕ್, ವಿಮೆ, ನಿವೃತ್ತಿ ಖಾತೆ, ಮನೆಯ ಪತ್ರ, ಮತದಾರರ ನೋಂದಣಿ, ಉಯಿಲು. ಪಟ್ಟಿ ಉದ್ದ, ಆದರೆ ಎಲ್ಲ ಕಡೆ ಕೇಳೋದು ಅದೇ ಒಂದು ಆದೇಶದ ಪ್ರತಿ. ಕೆಲವು ತಿಂಗಳಲ್ಲಿ ಮುಗಿಯುವ ಕೆಲಸ ಇದು.

ಊರಿನ ಕಡೆ ಇಷ್ಟು ಸಲೀಸಲ್ಲ

ಭಾರತದ 1955ರ ಪೌರತ್ವ ಕಾಯ್ದೆಯ ಕಲಂ 9ರ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಇಲ್ಲಿನ ಪೌರತ್ವ ಹೋಗುತ್ತೆ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು, ಬೇಕಿದ್ದರೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಭಾರತೀಯ ಪಾಸ್‌ಪೋರ್ಟ್ ಹಳೆ ಹೆಸರಿನದು, ಒಸಿಐ ಕಾರ್ಡ್ ಬರಬೇಕಾದ್ದು ಅಮೆರಿಕದ ಪಾಸ್‌ಪೋರ್ಟಿನ ಹೊಸ ಹೆಸರಿನಲ್ಲಿ. ಎರಡರ ನಡುವಿನ ಸೇತುವೆಯಾಗಿ ಹೆಸರು ಬದಲಾವಣೆಯ ದಾಖಲೆ ಕೇಳ್ತಾರೆ. ಇಲ್ಲಿಯವರೆಗೆ ತೊಂದರೆ ಇಲ್ಲ, ಯಾಕೆಂದರೆ ಈ ಕಚೇರಿಗಳಿಗೆ ಇಂಥ ಕಾಗದ ನೋಡಿ ಅಭ್ಯಾಸ ಇದೆ.

ನಿಜವಾದ ಪರೀಕ್ಷೆ ನಾಡಕಚೇರಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಅದರಲ್ಲಿ ಇರೋದು ಕನ್ನಡದಲ್ಲಿ ಬರೆದ ಹೆಸರು: ಮಂಜುನಾಥ ಬಿನ್ ನಂಜುಂಡಪ್ಪ. ನಮ್ಮ ಕಂದಾಯ ದಾಖಲೆಗಳಲ್ಲಿ ಗಂಡಸಿಗೆ ಬಿನ್ ಹಾಕಿ ಅಪ್ಪನ ಹೆಸರು, ಮದುವೆಯಾದ ಹೆಂಗಸಿಗೆ ಕೋಂ ಹಾಕಿ ಗಂಡನ ಹೆಸರು ಬರೆಯೋ ಪದ್ಧತಿ. ಅಂದರೆ ಈ ದಾಖಲೆಗೆ ನೀವು ಬರೀ ನೀವಲ್ಲ. ಇಂಥವರ ಮಗ, ಇಂಥವರ ಹೆಂಡತಿ. ಎದುರು ನಿಂತ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಮ್ಯಾಟ್ ನ್ಯಾಶ್ ಅಂತ ಇದ್ದರೆ, ಅವರೇ ಇವರು ಅನ್ನೋದನ್ನು ಸಾಬೀತು ಮಾಡುವ ಭಾರ ನಿಮ್ಮದು. ಅಫಿಡವಿಟ್ಟು, ಕೋರ್ಟಿನ ಆದೇಶ, ಹಳೆ ಪಾಸ್‌ಪೋರ್ಟಿನ ಪ್ರತಿ ಎಲ್ಲ ಇಟ್ಟರೂ, ದಾಯಾದಿಗಳಲ್ಲಿ ಒಬ್ಬರಿಗೆ ತಕರಾರು ಮಾಡುವ ಮನಸ್ಸಿದ್ದರೆ ಅವರಿಗೆ ಒಂದು ಎಳೆ ಸಿಕ್ಕ ಹಾಗಾಯ್ತು.

ಒಸಿಐ ಇದ್ದವರು ಭಾರತದಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಹಾಗಾಗಿ ನಮ್ಮವರಿಗೆ ಜಮೀನಿನ ಪ್ರಶ್ನೆ ಬರೋದೇ ವಾರಸುದಾರಿಕೆಯ ಮೂಲಕ, ವಾರಸುದಾರಿಕೆ ನಿಂತಿರೋದೇ ಹೆಸರಿನ ಮೇಲೆ. ಸೈಟು ಮಾರೋಕೆ ತಮ್ಮನಿಗೆ ಜಿಪಿಎ ಕೊಡುವಾಗ, ಪ್ಯಾನ್ ಕಾರ್ಡ್ ತಿದ್ದಿಸುವಾಗ, ಬ್ಯಾಂಕಿನಲ್ಲಿ ಖಾತೆಯನ್ನು ಎನ್‌ಆರ್‌ಒ ಮಾಡಿಸುವಾಗ ಇದೇ ಪ್ರಶ್ನೆ ತಿರುಗಿ ಬರುತ್ತೆ.

ಇನ್ನೊಂದು ಕಡೆ ಹೆಚ್ಚಿನವರು ಯೋಚಿಸಿರಲ್ಲ. ಪ್ರಜೆಯಾದ ಮೇಲೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳಬೇಕಾದರೆ, ಇವರ ಮಗ ನಾನೇ ಅಂತ ಜನನ ಪ್ರಮಾಣಪತ್ರದಿಂದ ತೋರಿಸಬೇಕು. ನಮ್ಮ ತಲೆಮಾರಿನ ಎಷ್ಟೋ ಜನನ ಪತ್ರಗಳಲ್ಲಿ ಮಗುವಿನ ಹೆಸರೇ ಇರಲ್ಲ. ಹಳ್ಳಿಯಲ್ಲಿ ಹುಟ್ಟಿದ ಕೆಲವರಿಗೆ ಪತ್ರವೇ ಇಲ್ಲ, ದಾಖಲೆ ಲಭ್ಯವಿಲ್ಲ ಅನ್ನೋ ಪ್ರಮಾಣಪತ್ರ ಮತ್ತು ಹಿರಿಯರ ಅಫಿಡವಿಟ್ಟಿನ ಮೇಲೆ ಕೆಲಸ ನಡೆಯುತ್ತೆ. ಮೊದಲೇ ತೆಳ್ಳಗಿರುವ ಈ ಕೊಂಡಿಯ ಮೇಲೆ ಹೊಸ ಹೆಸರಿನ ಭಾರವೂ ಬೀಳುತ್ತೆ.

ಹಾಗಾದರೆ ಯಾವ ಹೆಸರು?

ನಾನು ಇದನ್ನು ಎರಡಾಗಿ ನೋಡ್ತೀನಿ. ಒಂದು ದುರಸ್ತಿ, ಇನ್ನೊಂದು ಹೊಸದಾಗಿ ಕಟ್ಟೋದು.

ಎಫ್‌ಎನ್‌ಯು ತೆಗೆಯೋದು, ಸರ್‌ನೇಮ್ ಖಾನೆಯಲ್ಲಿ ಸಿಕ್ಕಿಕೊಂಡ ನಿಮ್ಮ ಹೆಸರನ್ನು ಮುಂದಕ್ಕೆ ತರೋದು, ಇನಿಷಿಯಲ್ ಬಿಡಿಸಿ ಬರೆಯೋದು, ಕಾಗುಣಿತವನ್ನು ಅಂಕಪಟ್ಟಿಗೆ ಹೊಂದಿಸೋದು, ಇದೆಲ್ಲ ದುರಸ್ತಿ. ಇದಕ್ಕೆ ಕಣ್ಣು ಮುಚ್ಚಿ ಹೌದು ಅನ್ನಿ. ಇಲ್ಲಿ ಹೊಸ ಹೆಸರು ನಿಮ್ಮ ಹಳೆ ದಾಖಲೆಗಳಿಗೆ ದೂರ ಆಗಲ್ಲ, ಇನ್ನೂ ಹತ್ತಿರ ಆಗುತ್ತೆ. ಕೋರ್ಟಿನ ಕಾಯುವಿಕೆ ಕೆಲವು ವಾರ ಹೆಚ್ಚಾದರೂ ಯೋಗ್ಯ.

ಪೂರ್ತಿ ಬೇರೆ ಹೆಸರು ಕಟ್ಟೋದು ತಪ್ಪು ಅಂತ ನಾನು ಹೇಳಲ್ಲ. ಹೆಸರಿನ ಕಾರಣಕ್ಕೆ ಇಪ್ಪತ್ತು ವರ್ಷ ನಾಲಿಗೆ ತಿರುಚಿಸಿಕೊಂಡವರ ದಣಿವು ನಿಜ. ಮದುವೆ ಮುರಿದ ಮೇಲೆ ಆ ಹೆಸರು ಬೇಡ ಅನ್ನೋರು, ಹುಟ್ಟಿದಾಗ ಕೊಟ್ಟ ಹೆಸರು ತಮ್ಮ ಲಿಂಗಕ್ಕೆ ಹೊಂದಲ್ಲ ಅನ್ನೋರು, ಅವರ ಕಾರಣ ಯಾವ ಪಹಣಿಗಿಂತಲೂ ದೊಡ್ಡದು. ಆದರೆ ಬರೀ ಕರೆಯೋಕೆ ಸುಲಭ ಆಗಲಿ ಅನ್ನೋದಷ್ಟೇ ಕಾರಣವಾದರೆ, ಅದಕ್ಕೆ ಕಾನೂನು ಬೇಕಿಲ್ಲ. ಆಫೀಸಿನಲ್ಲಿ ಮ್ಯಾಟ್ ಅಂತ ಕರೆಸಿಕೊಳ್ಳಿ, ಪಾಸ್‌ಪೋರ್ಟಿನಲ್ಲಿ ಮಂಜುನಾಥ ಇರಲಿ.

ಬದಲಾಯಿಸುವವರಿಗೆ ನನ್ನ ಒಂದೇ ಸಲಹೆ: ನಿಮ್ಮ ಸ್ವಂತ ಹೆಸರು, ಅಪ್ಪನ ಅಥವಾ ಅಮ್ಮನ ಹೆಸರು, ಎರಡೂ ಹೊಸ ಹೆಸರಿನಲ್ಲಿ ಎಲ್ಲಾದರೂ ಉಳಿಯಲಿ. ಮಿಡ್ಲ್ ನೇಮ್ ಅನ್ನೋ ಖಾನೆ ನಮ್ಮಂಥವರಿಗೆ ವರ ಇದ್ದ ಹಾಗೆ. ಬಿನ್ ನಂಜುಂಡಪ್ಪ ಅನ್ನೋದಕ್ಕೆ ಅಲ್ಲೊಂದು ಜಾಗ ಸಿಕ್ಕರೆ ಮುಂದೆ ಊರಿನ ಅರ್ಧ ವಾದ ಗೆದ್ದಂತೆ.

ಸರ್‌ನೇಮ್ ಹುಡುಕುವಾಗ ಇನ್ನೊಂದು ಮಾತು. ನಮ್ಮ ಇನಿಷಿಯಲ್ ಪದ್ಧತಿಯಲ್ಲಿ ಎಷ್ಟೋ ಜನರ ಜಾತಿ ಹೆಸರಿನಲ್ಲಿ ಕಾಣಲ್ಲ. ಅಮೆರಿಕದ ಖಾಲಿ ಖಾನೆ ತುಂಬುವ ನೆಪದಲ್ಲಿ, ಅಜ್ಜನ ಕಾಲದಲ್ಲೂ ಬಳಸದ ಜಾತಿಸೂಚಕವನ್ನು ತಂದು ಅಂಟಿಸಿಕೊಳ್ಳೋದನ್ನು ನೋಡ್ತೀವಿ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂತು ಅನ್ನೋದನ್ನು ಮರೆಯಬೇಡಿ. ಊರಿನ ಹೆಸರು, ಅಜ್ಜಿಯ ಹೆಸರು, ಮನೆಯ ಹೆಸರು ಯಾವುದಾದರೂ ಸರ್‌ನೇಮ್ ಆಗಬಹುದು. ಹರದನಹಳ್ಳಿ, ಸೋಮನಹಳ್ಳಿ ಇಷ್ಟು ಕಾಲ ಇನಿಷಿಯಲ್ ಒಳಗೆ ಇದ್ದದ್ದೇ ಅಲ್ವಾ? ನಿಮ್ಮ ಮೊಮ್ಮಕ್ಕಳಿಗೂ ಹೋಗುವ ಹೆಸರು ಅದು.

ಹೌದು ಅನ್ನುವ ಮುಂಚೆ

ಒಂದು ಹಾಳೆ ತಗೊಳ್ಳಿ. ನಿಮ್ಮ ಹೆಸರು ಇರುವ ಪ್ರತಿ ದಾಖಲೆಯನ್ನು ಎರಡು ಸಾಲಿನಲ್ಲಿ ಬರೆಯಿರಿ: ಅಮೆರಿಕದ್ದು ಒಂದು ಕಡೆ, ಭಾರತದ್ದು ಇನ್ನೊಂದು ಕಡೆ. ಪ್ರತಿಯೊಂದರ ಮುಂದೆ ಅದರಲ್ಲಿ ಹೆಸರು ಹೇಗಿದೆಯೋ ಹಾಗೇ, ಅಕ್ಷರ ಅಕ್ಷರ ಬರೆಯಿರಿ. ಹೊಸ ಹೆಸರು ಬಂದರೆ ಎಷ್ಟು ದಾಖಲೆ ಹತ್ತಿರವಾಗುತ್ತವೆ, ಎಷ್ಟು ದೂರವಾಗುತ್ತವೆ ಅಂತ ಎಣಿಸಿ. ಉತ್ತರ ಆ ಹಾಳೆಯಲ್ಲೇ ಇರುತ್ತೆ.

ಬದಲಾಯಿಸಿದರೆ ಕೋರ್ಟಿನ ಆದೇಶದ ದೃಢೀಕೃತ ಪ್ರತಿಗಳನ್ನು ಕೂಡಲೇ ನಾಲ್ಕೈದು ಮಾಡಿಸಿ. ರದ್ದಾದ ಭಾರತೀಯ ಪಾಸ್‌ಪೋರ್ಟ್ ಬಿಸಾಡಬೇಡಿ. ಒಂದು ಪ್ರತಿ ಊರಿನಲ್ಲಿ ಅಣ್ಣನೋ ತಂಗಿಯೋ ಇಟ್ಟುಕೊಳ್ಳಲಿ. ಅಪ್ಪ ಅಮ್ಮ ಇರುವಾಗಲೇ ಜಮೀನು, ಮನೆ, ಬ್ಯಾಂಕ್ ನಾಮಿನಿ ದಾಖಲೆಗಳಲ್ಲಿ ಹಳೆ ಹೆಸರು, ಹೊಸ ಹೆಸರು ಎರಡನ್ನೂ ಸೇರಿಸಿ ಬರೆಸಿ. ಉಯಿಲು ಬರೆಸುವುದಿದ್ದರೆ ಅದರಲ್ಲೂ ಹಾಗೇ. ಮುಂದೆ ಯಾರಾದರೂ ತಕರಾರು ತೆಗೆದರೆ, ಇವನೇ ನನ್ನ ಮಗ ಅಂತ ಹೇಳೋಕೆ ಅವರ ಸಹಿಗಿಂತ ಗಟ್ಟಿ ಸಾಕ್ಷಿ ಬೇರೆ ಸಿಗೋದು ಕಷ್ಟ.